ಭಾನುವಾರ ಹತ್ತೂವರೆ ಆಟ: ನಮ್ಮ ಟಾಕೀಸಿನಲ್ಲಿ ಸಣ್ಣ ಪಿಕ್ಚರ್ ಓಡಿಸಿದ ನನ್ನ ಅನುಭವ

ದಾವಣಗೆರೆಯ ಒಂದು ಹಳೇ ಟಾಕೀಸಿನಲ್ಲಿ ನಾನು ಬುಕಿಂಗ್ ನೋಡಿಕೊಳ್ಳುತ್ತೇನೆ. ಯಾವ ವಾರ ಯಾವ ಸಿನಿಮಾ, ಎಷ್ಟು ಆಟ, ಬಾಡಿಗೆನಾ ಪರ್ಸೆಂಟೇಜಾ, ಗಾಂಧಿನಗರದ ಆಫೀಸುಗಳ ಜೊತೆ ಮಾತು, ಇದೆಲ್ಲ ನನ್ನ ತಲೆನೋವು. ಒಂದೇ ಪರದೆ. ಬಾಲ್ಕನಿ ಇದೆ, ಎಸಿ ಇಲ್ಲ. ಸ್ಟಾರ್ ಪಿಕ್ಚರ್ ಬಂದರೆ ಊರೆಲ್ಲ ನಮ್ಮ ಗೇಟಿನ ಮುಂದೆ, ಉಳಿದ ವಾರ ಮ್ಯಾಟಿನಿಗೆ ಇಪ್ಪತ್ತು ಜನ ಬಂದರೆ ಅದೇ ಹೆಚ್ಚು. ಇಂಥ ಜಾಗದಲ್ಲಿ ಹಾಡು ಫೈಟು ಇಲ್ಲದ ಸಣ್ಣ ಸಿನಿಮಾ, ಹಳೇ ಒಳ್ಳೆ ಸಿನಿಮಾ ಹಾಕಿಯೂ ಕೈ ಸುಟ್ಟುಕೊಳ್ಳದೆ ಇರೋದು ಹೇಗೆ ಅಂತ ಬೇರೆ ಊರಿನ ಥಿಯೇಟರಿನವರು ಕೇಳ್ತಾ ಇರ್ತಾರೆ. ನಾವು ಹೇಗೆ ಮಾಡ್ತೀವಿ ಅಂತ ಬರೆಯುತ್ತೇನೆ.

ಎಲ್ಲ ಕಡೆ ನಡೆಯೋ ರೀತಿ ನಿಮಗೆ ಗೊತ್ತು. ಸಣ್ಣ ಪಿಕ್ಚರ್ ಶುಕ್ರವಾರ ಬರುತ್ತದೆ, ನಾಲ್ಕು ಆಟ ಕೊಡುತ್ತಾರೆ, ಸೋಮವಾರದ ಹೊತ್ತಿಗೆ ಕತೆ ಮುಗಿದಿರುತ್ತದೆ. ಹೀರೋ ಇಲ್ಲ, ಹಾಗಾಗಿ ಮೊದಲ ದಿನ ಓಡಿ ಬರೋ ಅಭಿಮಾನಿಗಳಿಲ್ಲ. ಶನಿವಾರ ನೋಡಿದವರು ಮನೆಯಲ್ಲಿ ಹೇಳಿ, ಸೋಮವಾರ ಆಫೀಸಿನಲ್ಲಿ ಹೇಳಿ, ಕೇಳಿದವರು ಬುಧವಾರ ಪುರುಸೊತ್ತು ಮಾಡಿಕೊಂಡು ಗಾಡಿ ಹತ್ತಿ ಬರೋ ಹೊತ್ತಿಗೆ ಬೋರ್ಡೇ ಬದಲಾಗಿರುತ್ತದೆ. 'ಚೆನ್ನಾಗೈತಂತೆ ಅಂದ್ರು, ಬಂದ್ರೆ ತೆಗೆದೇಬಿಟ್ಟೀರಲ್ರೀ' ಅಂತ ಗೇಟಲ್ಲಿ ಬೈದು ಹೋಗುತ್ತಾರೆ. ಅವರದ್ದೇನೂ ತಪ್ಪಿಲ್ಲ. ಬಾಯಿಮಾತು ನಡೆದುಕೊಂಡು ಬರುತ್ತದೆ, ನಾವು ಅದಕ್ಕೆ ಕಾಯೋದೇ ಇಲ್ಲ.

ಅದಕ್ಕೆ ನಾವು ಮಾಡಿದ್ದು ಇಷ್ಟೇ. ವಾರಕ್ಕೆ ಒಂದೇ ಆಟ, ಭಾನುವಾರ ಬೆಳಗ್ಗೆ 10.30. ಒಂದೇ ಪಿಕ್ಚರ್ ಕನಿಷ್ಠ ಎರಡು ಭಾನುವಾರ. ಮೊದಲ ಭಾನುವಾರ ಎಷ್ಟೇ ಕಡಿಮೆ ಜನ ಬಂದರೂ ಎರಡನೆಯದನ್ನು ತೆಗೆಯುವುದಿಲ್ಲ. ಚೆನ್ನಾಗಿರೋ ಪಿಕ್ಚರಿಗೆ ಎರಡನೇ ಭಾನುವಾರವೇ ಜನ ಜಾಸ್ತಿ. ಬೇರೆ ಏನು ಬಿಟ್ಟರೂ ಇದೊಂದನ್ನು ಬಿಡಬೇಡಿ ಅಂತ ನಾನು ಎಲ್ಲರಿಗೂ ಹೇಳೋದು.

ಯಜಮಾನರನ್ನು ಒಪ್ಪಿಸಲು ಲೆಕ್ಕ ಬೇಕಾಯಿತು. ನಮ್ಮ ಕಡೆ ಸಿಂಗಲ್ ಸ್ಕ್ರೀನುಗಳಲ್ಲಿ ಮೊದಲಿಂದ ಬಾಡಿಗೆ ಪದ್ಧತಿ. ವಾರಕ್ಕೆ ಇಷ್ಟು ಅಂತ ಥಿಯೇಟರಿನ ಬಾಡಿಗೆ, ಕಲೆಕ್ಷನ್‌ನಲ್ಲಿ ಅದು ಕಳೆದು ಉಳಿದದ್ದು ಪಿಕ್ಚರಿನವರ ಶೇರ್. ಕಲೆಕ್ಷನ್ ಬಾಡಿಗೆಗೇ ಸಾಲದಿದ್ದರೆ ಸಣ್ಣ ನಿರ್ಮಾಪಕ ಕೈಯಿಂದ ಕಟ್ಟಬೇಕು. ಹಾಗಾಗಿಯೇ ಅವರು ದಾವಣಗೆರೆ ಕಡೆ ತಲೆ ಹಾಕದೆ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲೇ ಮುಗಿಸಿಕೊಂಡು ಹೋಗುತ್ತಾರೆ, ಅಲ್ಲಿ ಬಂದ ಕಲೆಕ್ಷನ್‌ನಲ್ಲೇ ಪಾಲು ಹಂಚಿಕೊಳ್ಳೋ ಪರ್ಸೆಂಟೇಜ್ ಇರುತ್ತದಲ್ಲ. ಭಾನುವಾರದ ಆಟಕ್ಕೆ ಮಾತ್ರ ನಾವು ಬಾಡಿಗೆ ಬಿಟ್ಟು ಅರ್ಧ ಅರ್ಧಕ್ಕೆ ಬಂದೆವು. ಲೆಕ್ಕಕ್ಕೆ ಅರವತ್ತು ಜನ ಅಂದುಕೊಳ್ಳಿ, ಟಿಕೆಟ್ 80, ಒಟ್ಟು 4800. ನೂರು ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಮೊದಲು ಶೇ 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5. ತೆರಿಗೆ ಹೋಗಿ 4570ರ ಹತ್ತಿರ ಉಳಿಯುತ್ತದೆ, ಅದರಲ್ಲಿ ಅರ್ಧ ನಮಗೆ. ಆಪರೇಟರ್, ಗೇಟ್‌ಕೀಪರ್, ಕಸ ಗುಡಿಸೋರು ಮ್ಯಾಟಿನಿಗೆ ಹೇಗೂ ಬರಲೇಬೇಕು. ಹೆಚ್ಚಿನ ಖರ್ಚು ಅಂದರೆ ಕರೆಂಟು, ಪ್ರೊಜೆಕ್ಟರ್ ಲ್ಯಾಂಪು, ಡಿಜಿಟಲ್ ಚಾರ್ಜು. ದೊಡ್ಡ ಲಾಭ ಅಂತ ಹೇಳಲ್ಲ. ಖಾಲಿ ಕುರ್ಚಿಗೆ ಸ್ಟಾರ್ ಇಲ್ಲದ ಡಬ್ಬಿಂಗ್ ಪಿಕ್ಚರ್ ಓಡಿಸಿದ್ದಕ್ಕಿಂತ ಎಷ್ಟೋ ವಾಸಿ, ಕ್ಯಾಂಟೀನಿನವರೂ ಖುಷಿ.

ಸ್ಟಾರ್ ಪಿಕ್ಚರ್ ಬಂದಾಗ ಏನು ಮಾಡೋದು ಅನ್ನೋದು ಮುಂದಿನ ಜಗಳ. ಅವರಿಗೆ ನಾಲ್ಕೂ ಆಟ ಬೇಕು, ಒಂದು ಕಡಿಮೆ ಅಂದರೆ ಪಿಕ್ಚರ್ ಎದುರಿನ ಥಿಯೇಟರಿಗೆ ಹೋಗುತ್ತದೆ. ಇಲ್ಲಿ ಹಟ ಮಾಡಿ ಪ್ರಯೋಜನ ಇಲ್ಲ. ಮೊದಲ ವಾರ ಪೂರ್ತಿ ಬಿಟ್ಟುಕೊಡ್ತೀವಿ, ಎರಡನೇ ಭಾನುವಾರದಿಂದ ಮಾರ್ನಿಂಗ್ ಶೋ ನಮ್ಮದು ಅಂತ ಮೊದಲೇ ಮಾತಾಡಿಕೊಂಡು, ಬಾಯಿಮಾತಲ್ಲ, ಬರೆದುಕೊಂಡು ಇಡುತ್ತೇವೆ. ಆಟ ಇಲ್ಲದ ಭಾನುವಾರವನ್ನೂ ಮುಂಚೆಯೇ ಜನರಿಗೆ ತಿಳಿಸುತ್ತೇವೆ. ಒಬ್ಬ ಮನುಷ್ಯ ಒಂದು ಸಲ ಸುಮ್ನೆ ಬಂದು ವಾಪಸ್ ಹೋದರೆ ಅವನು ಮತ್ತೆ ಬರೋದು ಕಷ್ಟ.

ಪಿಕ್ಚರ್ ಆರಿಸೋದು ಹೊರಗಿನವರು ಅಂದುಕೊಂಡಷ್ಟು ಮಜಾ ಅಲ್ಲ. ಹೊಸ ಸಣ್ಣ ಸಿನಿಮಾ ಆದರೆ ನಿರ್ಮಾಪಕರಿಗೇ ನೇರ ಫೋನ್ ಮಾಡಿದರೆ ಆಯಿತು, ಖುಷಿಯಿಂದ ಕೊಡುತ್ತಾರೆ. ಹಳೇದು ಬೇಕು ಅಂದಾಗ ಪತ್ತೇದಾರಿ ಕೆಲಸ ಶುರು. ಟಿವಿ ಹಕ್ಕು ಒಬ್ಬರ ಹತ್ತಿರ, ಥಿಯೇಟರ್ ಹಕ್ಕು ಇನ್ನೊಬ್ಬರ ಹತ್ತಿರ, ನೆಗೆಟಿವ್ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿರಲ್ಲ. ಯೂಟ್ಯೂಬಲ್ಲಿ ಇದೆಯಲ್ಲ ಅಂತ ಅದನ್ನೇ ಪರದೆಗೆ ಹಾಕೋಕೆ ಬರಲ್ಲ, ಹಾಕಲೂಬಾರದು. ದುಡ್ಡು ಕೊಟ್ಟು ನೋಡೋರಿಗೆ ಹಾಕುವುದಕ್ಕೆ ಹಕ್ಕಿದ್ದವರ ಒಪ್ಪಿಗೆಯೂ ಬೇಕು, ಸೆನ್ಸಾರ್ ಸರ್ಟಿಫಿಕೇಟೂ ಬೇಕು. ಡಿಜಿಟಲ್‌ಗೆ ತಂದ ಹಳೇ ಪಿಕ್ಚರ್ ಸಿಕ್ಕರೆ ಬಿಡಬೇಡಿ. ಪುಟ್ಟಣ್ಣ ಕಣಗಾಲರ 1972ರ 'ನಾಗರಹಾವು' 2018ರಲ್ಲಿ ಹೊಸ ರೂಪದಲ್ಲಿ ಮತ್ತೆ ತೆರೆಗೆ ಬಂತಲ್ಲ, ನಮ್ಮ ಕಡೆ ಅದಕ್ಕೆ ಪ್ರಚಾರವೇ ಬೇಕಿಲ್ಲ. ದುರ್ಗದ ಕೋಟೆ ದೊಡ್ಡ ಪರದೆ ಮೇಲೆ ಕಾಣುತ್ತದೆ, ಕತೆ ಬರೆದ ತ.ರಾ.ಸು. ಹುಟ್ಟಿದ್ದು ನಮ್ಮ ಮಲೇಬೆನ್ನೂರಿನಲ್ಲಿ. ತಮ್ಮ ಊರಿನ ಕಲ್ಲು, ತಮ್ಮ ಕಡೆ ಮಾತು ಪರದೆ ಮೇಲೆ ಇದೆ ಅಂದರೆ ಥಿಯೇಟರ್ ಮರೆತೇ ಹೋದ ವಯಸ್ಸಿನವರೂ ಮೊಮ್ಮಕ್ಕಳನ್ನು ಕರ್ಕೊಂಡು ಬರುತ್ತಾರೆ.

ಇನ್ನು ಪ್ರಚಾರ. ಪೋಸ್ಟರ್ ಅಂಟಿಸೋದನ್ನು ಕಡಿಮೆ ಮಾಡಿದ್ದೇವೆ. ಜಯದೇವ ಸರ್ಕಲ್, ಗಾಂಧಿ ಸರ್ಕಲ್ ಕಡೆ ಒಂದೊಂದು, ದೃಶ್ಯಕಲಾ ಕಾಲೇಜಿನ ಹತ್ತಿರ ಒಂದು, ಅಷ್ಟೇ. ಕೆಲಸ ಮಾಡೋದು ಗುರುವಾರ ಸಂಜೆ ಕಳಿಸೋ ವಾಟ್ಸಾಪ್ ಮೆಸೇಜು. ಅದನ್ನು ನಾನೇ ಬರೆಯುತ್ತೇನೆ, ಪಿಕ್ಚರಿನವರು ಕೊಟ್ಟದ್ದನ್ನು ಹಾಕಲ್ಲ. ಅವರದ್ದರಲ್ಲಿ ಬರೀ ಪ್ರಶಸ್ತಿ ಪಟ್ಟಿ ಇರುತ್ತದೆ. 'ಪ್ರಶಸ್ತಿ ಬಂದ ಚಿತ್ರ' ಅಂತ ಬರೆದರೆ ಅರ್ಧ ಊರು ಅಲ್ಲೇ ವಾಪಸ್, ನಿದ್ದೆ ಬರ್ತದೆ ಅಂದುಕೊಳ್ತಾರೆ. ನಾನು ಬರೆಯೋದು ಹೀಗಿರುತ್ತದೆ:

'ಭಾನುವಾರ ಬೆಳಗ್ಗೆ 10.30. ಕನ್ನಡ. 1 ಗಂಟೆ 50 ನಿಮಿಷ, ಇಂಟರ್‌ವಲ್ ಇದೆ. ಯುಎ 13+. ಅಣ್ಣ ತಮ್ಮ ಜಮೀನು ಭಾಗ ಮಾಡಿಕೊಳ್ಳೋ ಕತೆ. ಹಾಡಿಲ್ಲ, ಫೈಟಿಂಗ್ ಇಲ್ಲ. ಮೊದಲ ಅರ್ಧ ಗಂಟೆ ನಿಧಾನ, ಆಮೇಲೆ ನಗು ಜಾಸ್ತಿ. ಟಿಕೆಟ್ 80. ಮಧ್ಯಾಹ್ನ 12.30ಕ್ಕೆ ಬಿಡುತ್ತೆ. ಮುಂದಿನ ಭಾನುವಾರವೂ ಇದೇ ಪಿಕ್ಚರ್.'

ನಿಧಾನ ಇದ್ದರೆ ನಿಧಾನ ಅಂತಲೇ ಬರೆಯಬೇಕು. ನಮ್ಮ ಜನ ನಿಧಾನಕ್ಕೆ ಬೈಯಲ್ಲ, ಫೈಟಿಂಗ್ ಇದೆ ಅಂದುಕೊಂಡು ಬಂದು ಕೂತರೆ ಬೈತಾರೆ. ಎಷ್ಟು ಗಂಟೆಗೆ ಬಿಡುತ್ತೆ ಅನ್ನೋದು ಬಹಳ ಮುಖ್ಯ, ಜಗಳೂರು ಹರಿಹರ ಕಡೆಯಿಂದ ಬರೋರು ಮೊದಲು ಕೇಳೋದೇ ಅದು. ಸರ್ಟಿಫಿಕೇಟೂ ಹಾಕಲೇಬೇಕು. 2023ರ ತಿದ್ದುಪಡಿ ಆದ ಮೇಲೆ ಯುಎ ಒಳಗೇ 7+, 13+, 16+ ಅಂತ ಮೂರು ಭಾಗ ಬಂದಿದೆ. ಅದರಲ್ಲಿ ತೀರ್ಮಾನ ತಂದೆ ತಾಯಿಗೆ ಬಿಟ್ಟದ್ದು. ಎ ಇದ್ದರೆ ಮಾತ್ರ ಹದಿನೆಂಟರ ಒಳಗಿನವರನ್ನು ಅಪ್ಪ ಅಮ್ಮ ಜೊತೆಗಿದ್ದರೂ ಬಿಡುವಂತಿಲ್ಲ. ಮೊದಲೇ ಹೇಳದಿದ್ದರೆ ಇಡೀ ಸಂಸಾರ ಆಟೋ ಇಳಿದು ಬಂದು ಗೇಟಲ್ಲಿ ನಿಲ್ಲುತ್ತದೆ, ಬೈಗುಳ ತಿನ್ನೋನು ನಮ್ಮ ಗೇಟ್‌ಕೀಪರ್.

ಆಟೋ ಮೈಕ್ ಮಾತ್ರ ಬಿಟ್ಟಿಲ್ಲ. ಶನಿವಾರ ಸಂಜೆ ಹಳೇಪೇಟೆ, ನಿಟುವಳ್ಳಿ ಕಡೆ ಒಂದು ಸುತ್ತು. ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು, ಮೈಕಲ್ಲಿ ಕೂಗಿದ್ದಕ್ಕೆ ಕಿವಿ ಕೊಡೋ ಅಭ್ಯಾಸ ದೊಡ್ಡವರಿಗೆ ಇನ್ನೂ ಇದೆ. ಆಟೋ ನಿಲ್ಲಿಸಿ 'ಯಾವ ಪಿಕ್ಚರ್ರಪ್ಪಾ?' ಅಂತ ಕೇಳೋ ಅಜ್ಜಂದಿರಿದ್ದಾರೆ.

ಈಗ ಮಷಿನ್ ರೂಮಿನ ವಿಷಯ. ಪಿಕ್ಚರ್ ಬರೋದು ಡಿಸಿಪಿ ಅನ್ನೋ ಡಿಜಿಟಲ್ ಫೈಲುಗಳ ರೂಪದಲ್ಲಿ, ಹಾರ್ಡ್ ಡ್ರೈವಿನಲ್ಲಿ. ಎರಡು ಗಂಟೆ ಪಿಕ್ಚರ್ ನೂರು ಜಿಬಿ ದಾಟುವುದು ಮಾಮೂಲಿ, ಪ್ರೊಜೆಕ್ಟರಿಗೆ ಪಿಕ್ಚರ್ ಕೊಡೋ ಸರ್ವರಿಗೆ ತುಂಬಿಸಲು ಟೈಮ್ ಹಿಡಿಯುತ್ತದೆ. ಡ್ರೈವ್ ಬಂದ ಮಾತ್ರಕ್ಕೆ ಓಡಲ್ಲ, ಪಿಕ್ಚರಿನ ಬೀಗ ತೆಗೆಯೋಕೆ ಕೆಡಿಎಂ ಅನ್ನೋ ಡಿಜಿಟಲ್ ಕೀ ಬೇಕು. ಆ ಕೀ ನಮ್ಮ ಸರ್ವರಿಗೆ ಮಾತ್ರ, ಇಂತಿಷ್ಟು ಹೊತ್ತಿನಿಂದ ಇಂತಿಷ್ಟು ಹೊತ್ತಿನವರೆಗೆ ಮಾತ್ರ ನಡೆಯುತ್ತದೆ. ಹೆಚ್ಚಿನವರು ಭಾನುವಾರ ಬೆಳಗ್ಗೆಯಿಂದ ಕೀ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನಾವು ಶನಿವಾರ ರಾತ್ರಿಯಿಂದ ಕೇಳುತ್ತೇವೆ. ಸೆಕೆಂಡ್ ಶೋ ಬಿಟ್ಟ ಮೇಲೆ ಶುರುವಿನ ಐದು ನಿಮಿಷ, ನಡುವೆ ಒಂದಷ್ಟು, ಕೊನೆ ಸ್ವಲ್ಪ ಓಡಿಸಿ ನೋಡೋದು.

ಆಗ ನೋಡೋದು ಹೆಚ್ಚಾಗಿ ಸದ್ದು. ಸೌಂಡ್ ಪ್ರೊಸೆಸರಿನಲ್ಲಿ ಸದ್ದು ಏರಿಸಿ ಇಳಿಸೋ ಫೇಡರ್ 7ರಲ್ಲಿದ್ದರೆ ಸ್ಟುಡಿಯೋದಲ್ಲಿ ಮಿಕ್ಸ್ ಮಾಡಿದಾಗ ಇದ್ದಷ್ಟೇ ಸದ್ದು. ದೊಡ್ಡ ಪಿಕ್ಚರುಗಳು ಎಷ್ಟು ಜೋರಾಗಿರುತ್ತವೆ ಅಂದರೆ ಆಪರೇಟರ್ ಅದನ್ನು ಐದರ ಹತ್ತಿರ ಇಳಿಸಿ ಹಾಗೇ ಬಿಟ್ಟಿರುತ್ತಾನೆ. ಅದೇ ಐದರಲ್ಲಿ ಸಣ್ಣ ಪಿಕ್ಚರ್ ಹಾಕಿ ನೋಡಿ, ಅಡುಗೆಮನೆಯಲ್ಲಿ ಅತ್ತೆ ಸೊಸೆ ಮೆಲ್ಲಗೆ ಮಾತಾಡೋದು ಬಾಲ್ಕನಿಗೆ ಕೇಳಿಸೋದೇ ಇಲ್ಲ. ಮೇಲಿಂದ ನಮ್ಮ ಗೋಡೆ ಫ್ಯಾನುಗಳ ಗರಗರ ಬೇರೆ. ಫೇಡರ್ ಏರಿಸಿ, ಪರದೆ ಹತ್ತಿರದ ಫ್ಯಾನು ಆಫ್ ಮಾಡಿ, ಹಿಂದಿನವು ಇರಲಿ ಅಂತ ಬಿಟ್ಟು, ನಾನು ಬಾಲ್ಕನಿ ಕೊನೆ ಸಾಲಿನಲ್ಲಿ ಕೂತು ಮಾತು ಸ್ಪಷ್ಟ ಇದೆಯಾ ಅಂತ ಕೇಳಿಸಿಕೊಳ್ಳುತ್ತೇನೆ. ಏಪ್ರಿಲ್ ಬಂದರೆ ಈ ಉಪಾಯ ನಡೆಯಲ್ಲ. ಆಗ ಫ್ಯಾನು ಆಫ್ ಮಾಡಿದರೆ ಜನ ನನ್ನನ್ನೇ ಆಫ್ ಮಾಡ್ತಾರೆ, ಅದಕ್ಕೆ ಬೇಸಿಗೆಯಲ್ಲಿ ಮಾತು ಕಡಿಮೆ ಇರೋ ಪಿಕ್ಚರ್ ಹಾಕಲ್ಲ, ಸ್ವಲ್ಪ ಗಲಾಟೆ ಇರೋದನ್ನೇ ಹುಡುಕುತ್ತೇನೆ.

ಹಳೇ ಪಿಕ್ಚರಿಗೆ ಇನ್ನೊಂದು ಕಿರಿಕಿರಿ ಇದೆ. ಚೌಕದ ಹತ್ತಿರ ಇರೋ ಹಳೇ ಅಳತೆಯ ಚಿತ್ರ ನಮ್ಮ ಅಗಲ ಪರದೆ ನಡುವೆ ಬೀಳುತ್ತದೆ, ಎರಡು ಪಕ್ಕ ಕಪ್ಪು. 'ಲೇ, ಫುಲ್ ಮಾಡ್ರಲೇ' ಅಂತ ಕೂಗು ಏಳುತ್ತದೆ. ಎಳೆದು ಅಗಲ ಮಾಡಿದರೆ ಎಲ್ಲರ ಮುಖ ಚಪ್ಪಟೆ, ಮೇಲೆ ಕೆಳಗೆ ಕತ್ತರಿಸಿದರೆ ತಲೆ ಹೋಗುತ್ತದೆ. ಅದಕ್ಕೆ ಆಟ ಶುರುವಾಗೋ ಮೊದಲು ಮೈಕ್ ಹಿಡಿದು ಒಂದು ಮಾತು ಹೇಳಿಬಿಡುತ್ತೇನೆ, ಆ ಕಾಲದಲ್ಲಿ ತೆಗೆದದ್ದೇ ಹೀಗೆ ಅಂತ. ಭಾಷಣ ಮಾಡಲ್ಲ. ಭಾಷಣಕ್ಕೆ ಬೇರೆ ಜಾಗಗಳಿವೆ ಊರಲ್ಲಿ.

ಇಂಟರ್‌ವಲ್ ಇಲ್ಲದ ಪಿಕ್ಚರಿಗೂ ಇಂಟರ್‌ವಲ್ ಕೊಡುತ್ತೇವೆ, ನಿರ್ದೇಶಕರು ಬೇಜಾರಾದರೂ ಸರಿ. ಎಲ್ಲಿ ನಿಲ್ಲಿಸಬೇಕು ಅಂತ ಅವರನ್ನೇ ಕೇಳುತ್ತೇವೆ. ಚಹಾ, ಮಂಡಕ್ಕಿ, ಮಿರ್ಚಿ ಇಲ್ಲದೆ ದಾವಣಗೆರೆಯಲ್ಲಿ ಯಾರೂ ಎರಡು ಗಂಟೆ ಕೂರಲ್ಲ. ಅದೂ ಅಲ್ಲದೆ ಆ ಹತ್ತು ನಿಮಿಷ ಕ್ಯಾಂಟೀನ್ ಹತ್ತಿರ ನಿಂತರೆ ಪಿಕ್ಚರ್ ಎರಡನೇ ಭಾನುವಾರ ಎಷ್ಟು ಜನ ತರುತ್ತದೆ ಅಂತ ನನಗೆ ಗೊತ್ತಾಗಿಬಿಡುತ್ತದೆ. 'ಪರವಾಗಿಲ್ಲ' ಅಂದರೆ ಅಷ್ಟಕ್ಕಷ್ಟೇ. 'ಆ ತಮ್ಮ ಮಾಡಿದ್ದು ಸರಿ ಏನಪ್ಪಾ?' ಅಂತ ಪಾತ್ರದ ಪರ ವಿರುದ್ಧ ಮಾತು ಶುರುವಾಗಿದ್ದರೆ ಮುಂದಿನ ವಾರದ ಚಿಂತೆ ಇಲ್ಲ.

ಈಗ ನನ್ನ ಕಣ್ಣು ಚಿತ್ರದುರ್ಗದ ಮೇಲಿದೆ. 1997ರಲ್ಲಿ ಜಿಲ್ಲೆ ಬೇರೆಯಾದರೂ ವಿತರಕರ ಲೆಕ್ಕದಲ್ಲಿ ನಾವು ಇನ್ನೂ ಒಂದೇ ಏರಿಯಾ. ಅಲ್ಲಿನ ಯಾವುದಾದರೂ ಟಾಕೀಸಿನವರು ಇದೇ ರೀತಿ ಒಂದು ಆಟ ಇಟ್ಟುಕೊಂಡರೆ ಒಂದೇ ಡ್ರೈವ್ ಇಬ್ಬರಿಗೂ ಆಗುತ್ತದೆ. ನಮ್ಮ ಸರ್ವರಿಗೆ ತುಂಬಿಸಿಕೊಂಡು ಸೋಮವಾರ ಕಾರ್ಗೋದಲ್ಲಿ ಬಸ್ಸಿಗೆ ಹಾಕಿದರೆ ಅವತ್ತೇ ತಲುಪುತ್ತದೆ, ಅರವತ್ತು ಕಿಲೋಮೀಟರ್ ಅಷ್ಟೇ. ಕೀ ಮಾತ್ರ ಅವರ ಸರ್ವರ್ ಹೆಸರಲ್ಲಿ ಬೇರೆ ತರಿಸಬೇಕು. ಪಿಕ್ಚರಿನವರಿಗೂ ಎರಡು ಊರು ಒಟ್ಟಿಗೆ ಸಿಕ್ಕರೆ ಇತ್ತ ಬರೋಕೆ ಒಂದು ಕಾರಣ ಇರುತ್ತದೆ. ಮನಸ್ಸಿದ್ದವರು ಯಾವುದಾದರೂ ಭಾನುವಾರ ಬಂದು ನೋಡಿ. ಹತ್ತು ಗಂಟೆಗೇ ಬನ್ನಿ, ಮಷಿನ್ ರೂಮು ತೋರಿಸುತ್ತೇನೆ.