ಮಸಿಯ ಕೆಳಗಿನ ಸಾಲು

ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡು ಬಂದ ಮಂಡ್ಯ ಸೀಮೆಯ ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಲು ಹೊರಟ ಮೊದಲ ದಿನವೇ ನಾನು ತಪ್ಪು ಮಾಡಿದೆ. ಪಾಂಡವಪುರದ ಕಡೆಯ ಒಂದು ಹಳ್ಳಿ. ಜಗಲಿಯ ಮೇಲೆ ಕುಳಿತ ಕೂಡಲೇ, "ಅಜ್ಜ, ಒಳಗೆ ನಿಮ್ಮನ್ನು ಹೊಡೆದರೇ?" ಎಂದು ಕೇಳಿಬಿಟ್ಟೆ. ಅವರು ಕೊಟ್ಟಿಗೆಯ ಕಡೆ ಮುಖ ತಿರುಗಿಸಿದರು. "ಇಲ್ಲ ತಾಯಿ, ಚೆನ್ನಾಗಿಯೇ ನೋಡಿಕೊಂಡರು." ಮೊಬೈಲಿನಲ್ಲಿ ಉಳಿದದ್ದು ಹನ್ನೊಂದು ನಿಮಿಷ.

ಆಮೇಲೆ ಪ್ರಶ್ನೆಗಳನ್ನು ಬದಲಾಯಿಸಿದೆ. ಬೆಳಿಗ್ಗೆ ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಿದ್ದರು? ರಾತ್ರಿ ದೀಪ ಆರಿಸುತ್ತಿದ್ದರೇ? ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳ ಪ್ರಕಾರ, ದಿನಕ್ಕೆ 22 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಕೈದಿಯನ್ನು ಮನುಷ್ಯರ ಒಡನಾಟವಿಲ್ಲದೆ ಇಟ್ಟರೆ ಅದು ಒಂಟಿ ಸೆರೆ. ಸತತ 15 ದಿನ ಮೀರಿ ಹಾಗೆ ಇಡಬಾರದು. ಇದನ್ನು ಹೀಗೆಯೇ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. "ಅಲ್ಲಿ ಯಾರ ಜೊತೆ ಮಾತನಾಡುತ್ತಿದ್ದಿರಿ?" ಎಂದಾಗ ಒಬ್ಬರು "ಹಲ್ಲಿಯ ಜೊತೆ" ಎಂದರು. ಎಷ್ಟು ದಿನ? "ಗೌರಿ ಹಬ್ಬದ ಹೊತ್ತಿಗೆ ಹಾಕಿದರು, ದಸರಾ ಕಳೆದ ಮೇಲೆ ತೆಗೆದರು." ಮನೆಗೆ ಬಂದು ಆ ವರ್ಷದ ಪಂಚಾಂಗ ತೆರೆದರೆ ತಿಂಗಳಿಗೂ ಮಿಕ್ಕಿದ ಲೆಕ್ಕ. ಇವರಿಗೆ ಇಸವಿ ನೆನಪಿರುವುದಿಲ್ಲ, ಹಬ್ಬ ಮರೆಯುವುದಿಲ್ಲ.

"ಚೆನ್ನಾಗಿ ನೋಡಿಕೊಂಡರು" ಎಂಬ ಮಾತನ್ನು ನಾನು ಈಗ ಅಷ್ಟಕ್ಕೇ ಬಿಡುವುದಿಲ್ಲ. ಹೊಡೆತವೊಂದೇ ಹಿಂಸೆಯಲ್ಲ. ನಟಿ ಸ್ನೇಹಲತಾ ರೆಡ್ಡಿ ಅವರಿಗೆ ಉಬ್ಬಸವಿತ್ತು. 1976ರಲ್ಲಿ ಹಿಡಿದು ಎಂಟು ತಿಂಗಳು ಬೆಂಗಳೂರಿನ ಜೈಲಿನಲ್ಲಿಟ್ಟರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆಂದು ಬಾಯಿ ಬಿಡಿಸಲು ಅವರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಚಿತ್ರಹಿಂಸೆಗೆ ಗುರಿಮಾಡಿದರು. ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಬಿಡುತ್ತಿದ್ದ ಮೀಸಾ ಕಾಯ್ದೆಯಡಿ ಹಿಡಿದವರಿಗೆ ಕಾರಣ ಹೇಳಬೇಕಾಗಿರಲಿಲ್ಲ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಹೇಬಿಯಸ್ ಕಾರ್ಪಸ್, ಅಂದರೆ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿಯ ಬಾಗಿಲನ್ನೂ ಮುಚ್ಚಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಬಿಡುಗಡೆ ಯಾವಾಗ ಎಂದು ತಿಳಿಯದೆ ದಿನ ನೂಕುವುದು ಹೇಗಿತ್ತೆಂದು ಕೇಳಬೇಕು. ಆ ಪ್ರಶ್ನೆಗೆ ಗಂಡಸರಿಗಿಂತ ಅವರ ಹೆಂಡತಿಯರು ಚೆನ್ನಾಗಿ ಉತ್ತರಿಸುತ್ತಾರೆ.

ಅದಕ್ಕೇ ಎರಡನೆಯ ಸಲ ಆ ಹಳ್ಳಿಗೆ ಹೋದಾಗ ಅಡುಗೆಮನೆಯಲ್ಲಿ ಕುಳಿತೆ. ಅಜ್ಜಿ ಅವರೆಕಾಯಿ ಸುಲಿಯುತ್ತಲೇ ಹೇಳಿದರು: ಚಟ್ನಿಪುಡಿ ಡಬ್ಬಿ ಹೊತ್ತು ಎರಡು ಬಸ್ ಬದಲಾಯಿಸಿ ಹೋದರೆ, ಗೇಟಿನಲ್ಲಿ ಪುಡಿಯೊಳಗೆ ಕಡ್ಡಿ ಆಡಿಸಿ ನೋಡಿ, ಇವತ್ತು ಭೇಟಿ ಇಲ್ಲ ಎಂದು ಕಳುಹಿಸಿದರಂತೆ. ಆಮೇಲೆ ಪೆಟ್ಟಿಗೆ ತೆರೆದು, ಅಜ್ಜ ಜೈಲಿನಿಂದ ಜೋಪಾನವಾಗಿ ತಂದಿದ್ದ ಅಂಚೆ ಕಾರ್ಡುಗಳನ್ನು ಕೊಟ್ಟರು. ಅಜ್ಜಿ ಹೇಳಿ ಪಕ್ಕದ ಮನೆಯ ಹುಡುಗನಿಂದ ಬರೆಸಿದವು. ಒಂದರಲ್ಲಿ ಎರಡು ಸಾಲಿಗೆ ಜೈಲಿನವರು ದಪ್ಪನೆ ಕಪ್ಪು ಮಸಿ ಬಳಿದಿದ್ದರು. ಏನು ಬರೆಸಿದ್ದೆನೋ ನೆನಪಿಲ್ಲ ಎಂದರು ಅಜ್ಜಿ.

ಹುಡುಗ ಬಾಲ್ ಪೆನ್ನನ್ನು ಒತ್ತಿ ಬರೆದಿದ್ದ. ಒತ್ತಿ ಬರೆದದ್ದು ಕಾರ್ಡಿನ ಹಿಂಬದಿಯಲ್ಲಿ ಉಬ್ಬಿ ನಿಲ್ಲುತ್ತದೆ. ಬಾಗಿಲು ಮುಂದೆ ಮಾಡಿ, ಕಾರ್ಡನ್ನು ಮಗುಚಿ ಮಣೆಯ ಮೇಲಿಟ್ಟು, ಟಾರ್ಚನ್ನು ಮೇಲಿನಿಂದ ಬಿಡದೆ ಅಂಚಿನಿಂದ ಓರೆಯಾಗಿ ಹಿಡಿದೆ. ಅಕ್ಷರಗಳ ನೆರಳು ಎದ್ದಿತು, ತಿರುಗುಮುರುಗಾಗಿ. ಮೊಬೈಲಿನಲ್ಲಿ ಚಿತ್ರ ತೆಗೆದು ಕನ್ನಡಿಯಂತೆ ತಿರುಗಿಸಿದೆ. ಒಂದೊಂದೇ ಅಕ್ಷರ ಕೂಡಿಸಿ ಓದಲು ಮುಕ್ಕಾಲು ಗಂಟೆ ಹಿಡಿಯಿತು. "ನಾಲೆಗೆ ನೀರು ಬಿಟ್ಟರು. ಮೇಲಿನ ಗದ್ದೆ ನಾಟಿ ಆಯಿತು."

ಅದರಲ್ಲಿ ಅವರಿಗೆ ಯಾವ ಗುಟ್ಟು ಕಂಡಿತೋ. ತನ್ನ ಗದ್ದೆಗೆ ನೀರು ಬಂದ ಸುದ್ದಿಯನ್ನು ಒಬ್ಬ ರೈತನಿಂದ ಐವತ್ತು ವರ್ಷ ಕಿತ್ತುಕೊಂಡಿದ್ದರು.

ಜಗಲಿಗೆ ಬಂದು ಗಟ್ಟಿಯಾಗಿ ಓದಿದೆ. ಅಜ್ಜ ಕಾರ್ಡನ್ನು ಕೈಗೆ ತೆಗೆದುಕೊಂಡು ಮಸಿಯ ಮೇಲೆ ಹೆಬ್ಬೆರಳು ಆಡಿಸಿದರು. ಒಳಕ್ಕೆ ತಿರುಗಿ, "ಆ ವರ್ಷ ಯಾವ ಭತ್ತ ಹಾಕಿಸಿದ್ದೆ?" ಎಂದು ಹೆಂಡತಿಯನ್ನು ಕೇಳಿದರು. ಅಲ್ಲಿಂದ ಮಾತು ಶುರುವಾಯಿತು. ಆ ದಿನದ ಧ್ವನಿಮುದ್ರಣ ಮೂರು ಗಂಟೆ ನಲವತ್ತು ನಿಮಿಷ ಇದೆ.