ಪ್ರೆಶರ್ ಗೇಜ್ ಪರೀಕ್ಷೆ: ಏರುವಾಗ ಏರಿಕೆ, ಇಳಿಯುವಾಗ ಇಳಿಕೆ

ಒಳಗಿನ ಬಾಗಿದ ಟ್ಯೂಬ್ ಒತ್ತಡಕ್ಕೆ ಬಿಚ್ಚಿಕೊಂಡು ಮುಳ್ಳನ್ನು ತಿರುಗಿಸುವ ಗೇಜೇ ಬೋರ್ಡನ್ ಗೇಜ್; ಪಿಸ್ಟನ್ ಮೇಲೆ ತೂಕದ ಬಿಲ್ಲೆಗಳನ್ನಿಟ್ಟು ಲೆಕ್ಕದ ಒತ್ತಡ ಕೊಡುವ ಸಾಧನ ಡೆಡ್ ವೇಟ್ ಟೆಸ್ಟರ್. 10 ಬಾರ್‌ವರೆಗಿನ ಒತ್ತಡ ಅಳೆಯುವ ಬೋರ್ಡನ್ ಗೇಜನ್ನು ಈ ಟೆಸ್ಟರಿನ ಮೇಲೆ ಪರೀಕ್ಷಿಸುವುದು ಅರ್ಧ ಗಂಟೆಯ ಕೆಲಸ. ಅದನ್ನು ಹತ್ತು ನಿಮಿಷದಲ್ಲಿ ಮುಗಿಸಲು ಹೋಗಿ ಕೆಡಿಸಿದವರನ್ನು ಬಹಳ ನೋಡಿದ್ದೇನೆ.

ಗೇಜ್ ಯಾವ ಲೈನಿನದೆಂದು ಮೊದಲು ಕೇಳಿಕೊಳ್ಳಿ. ಆಮ್ಲಜನಕದ್ದಾದರೆ ಎಣ್ಣೆಯ ಟೆಸ್ಟರಿಗೆ ಜೋಡಿಸಲೇಕೂಡದು. ಒಳಗುಳಿದ ಎಣ್ಣೆ ಒತ್ತಡದಲ್ಲಿರುವ ಆಮ್ಲಜನಕಕ್ಕೆ ಸಿಕ್ಕಿ ಹೊತ್ತಿಕೊಳ್ಳಬಹುದು. ಬೇರೆ ಗೇಜುಗಳನ್ನು ಒರೆಸಿ, ಕೋಣೆಯ ಉಷ್ಣತೆಗೆ ಬರಲು ಬಿಟ್ಟು, ನೆಟ್ಟಗೆ ಕೂರಿಸಿ ಗಾಳಿ ತೆಗೆಯಿರಿ. ಟೆಫ್ಲಾನ್ ಟೇಪಿನ ಚೂರು ರಂಧ್ರದಲ್ಲಿ ಸಿಕ್ಕಿಕೊಂಡು ಮುಳ್ಳು ತಡವಾಗಿ ಎದ್ದರೆ ಅದನ್ನೂ ಗೇಜಿನ ದೋಷವೆಂದೇ ಬರೆದುಬಿಡುತ್ತಾರೆ. ಆದ್ದರಿಂದ ನೇರ ಥ್ರೆಡ್ಡಿಗೆ ತಾಮ್ರದ ವಾಷರನ್ನೇ ಹಾಕಿ, ಟೇಪ್ ಬೇಡ.

ಪೂರ್ತಿ ಅಳತೆಗೆ ಎರಡು ಮೂರು ಸಲ ಏರಿಸಿ ಇಳಿಸಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. 2 ಬಾರ್‌ನ ಬಿಲ್ಲೆಗಳನ್ನಿಟ್ಟು, ಪಿಸ್ಟನ್ ತನ್ನ ಓಟದ ನಡುವೆ ತೇಲುವವರೆಗೆ ಟೆಸ್ಟರಿನ ಒತ್ತಡ ಏರಿಸುವ ಸ್ಕ್ರೂವನ್ನು ನಿಧಾನವಾಗಿ ತಿರುಗಿಸಿ. ಬಿಲ್ಲೆಗಳನ್ನು ಕೈಯಿಂದ ಮೆಲ್ಲಗೆ ಸುತ್ತಿಸಿ. ಸುತ್ತದ ಪಿಸ್ಟನ್ ಸಿಲಿಂಡರಿನ ಗೋಡೆಗೆ ಹಿಡಿದುಕೊಂಡು ಸುಳ್ಳು ಒತ್ತಡ ಕೊಡುತ್ತದೆ. ಗೇಜಿನ ಗಾಜನ್ನು ಬೆರಳಿನಿಂದ ಹಗುರವಾಗಿ ತಟ್ಟಿ, ಮುಳ್ಳಿಗೆ ನೇರವಾಗಿ ಕಣ್ಣಿಟ್ಟು ಓದಿ. 4, 6, 8, 10 ಬಾರ್‌ಗೂ ಇದೇ ಕ್ರಮ.

ಎಲ್ಲರೂ ತಪ್ಪುವುದು ಇಲ್ಲಿಯೇ. ಸ್ಕ್ರೂ ತುಸು ಹೆಚ್ಚಾಗಿ ತಿರುಗಿ ಪಿಸ್ಟನ್ ಮೇಲಿನ ತಡೆಗೆ ತಾಗಿತೆಂದರೆ, ಒಳಗಿನ ಒತ್ತಡ ಬಿಲ್ಲೆಗಳು ಹೇಳುವ ಲೆಕ್ಕವನ್ನು ದಾಟಿರುತ್ತದೆ. ಆಗ ತುಸು ಹಿಂದಕ್ಕೆ ತಿರುಗಿಸಿ ಪಿಸ್ಟನ್ನನ್ನು ತೇಲಿಸಿ, ಸರಿಹೋಯಿತೆಂದು ಬರೆದುಕೊಳ್ಳುತ್ತಾರೆ. ಆದರೆ ಒಮ್ಮೆ ಮುಂದೆ ಹೋದ ಟ್ಯೂಬಿನ ಲೋಹವೂ ಹಲ್ಲುಚಕ್ರದ ಸಡಿಲವೂ ಮುಳ್ಳನ್ನು ಮೊದಲಿನ ಜಾಗಕ್ಕೇ ತರುವುದಿಲ್ಲವಾದ್ದರಿಂದ, ಏರಿಕೆಯ ಕಾಲಂನಲ್ಲಿ ಇಳಿಕೆಯ ಅಂಕಿ ಸೇರಿದಂತಾಗುತ್ತದೆ. ಒತ್ತಡವನ್ನು ಆ ಬಿಂದುವಿಗಿಂತ ಚೆನ್ನಾಗಿ ಕೆಳಗಿಳಿಸಿ ಮತ್ತೆ ಏರಿ ಬರಬೇಕು. 10ರಲ್ಲಿ ಕೆಲವು ನಿಮಿಷ ನಿಲ್ಲಿಸಿ, ಅದೇ ಬಿಂದುಗಳನ್ನು ಇಳಿಯುತ್ತಾ ಓದಿ. ಬಿಲ್ಲೆ ತೆಗೆಯುವ ಮುನ್ನ ಒತ್ತಡ ಇಳಿಸುವುದನ್ನು ಮರೆತರೆ ಪಿಸ್ಟನ್ ಮೇಲಕ್ಕೆ ಜಿಗಿಯುತ್ತದೆ.

ಬಿಲ್ಲೆಗಳನ್ನು ಯಾವ ಗುರುತ್ವಕ್ಕೆ ಹೊಂದಿಸಲಾಗಿದೆ ಎಂಬುದನ್ನೂ ನೋಡಿ. ಪ್ರಮಾಣಿತ ಗುರುತ್ವವಾದ 9.80665 ಮೀ/ಸೆ²ಗೆ ಹೊಂದಿಸಿದ 10 ಬಾರ್‌ನ ಬಿಲ್ಲೆಗಳು, ಗುರುತ್ವ ಸುಮಾರು 9.78 ಇರುವ ಬೆಂಗಳೂರಿನಲ್ಲಿ ಕೊಡುವುದು ಸುಮಾರು 9.973 ಬಾರ್ ಮಾತ್ರ. 1.0 ಕ್ಲಾಸಿನ, ಅಂದರೆ ಪೂರ್ತಿ ಅಳತೆಯ ಶೇಕಡ 1ರಷ್ಟು ತಪ್ಪಿಗೆ ಅವಕಾಶವಿರುವ, ಈ ಗೇಜಿಗೆ ಸಿಗುವ ವಿನಾಯಿತಿ ±0.1 ಬಾರ್, ಅದರ ಕಾಲು ಭಾಗಕ್ಕಿಂತ ಹೆಚ್ಚನ್ನು ಈ ಅಲಕ್ಷ್ಯವೇ ನುಂಗುತ್ತದೆ.

ಸೊನ್ನೆಯ ಬಳಿ ತಡೆಪಿನ್ ಇರುವ ಗೇಜುಗಳು ನನಗೆ ಹಿಡಿಸುವುದಿಲ್ಲ, ಏಕೆಂದರೆ ಸೊನ್ನೆಗಿಂತ ಕೆಳಗೆ ಜಾರಿದ ಮುಳ್ಳನ್ನು ಆ ಪಿನ್ ಮರೆಮಾಚುತ್ತದೆ. ಅಂಥವುಗಳ ಮುಳ್ಳನ್ನು ಸೊನ್ನೆಯಲ್ಲಿ ಕೂರಿಸದೆ, 2 ಬಾರ್ ಕೊಟ್ಟು ಅಲ್ಲಿಗೆ ಹೊಂದಿಸಿ ಕೂರಿಸಿ. ಅದಕ್ಕೂ ಮುಂಚೆ, ಗೇಜ್ ಬಂದಾಗ ತೋರಿಸುತ್ತಿದ್ದ ಅಂಕಿಗಳನ್ನು ಇದ್ದ ಹಾಗೆಯೇ ದಾಖಲಿಸಿರಬೇಕು. ಅಡ್ಜಸ್ಟ್ ಮಾಡಿದ ಮೇಲೆ ಏರಿಕೆ, ಇಳಿಕೆ ಎರಡನ್ನೂ ಮೊದಲಿನಿಂದ ಮತ್ತೆ ತೆಗೆದುಕೊಳ್ಳಬೇಕು.