ಒತ್ತಡ ಇಳಿಸಲು ನಾನು ನಿದ್ದೆಯಿಂದ ಶುರು ಮಾಡಿದೆ

ತಲೆನೋವಿಗೆ ಒಂದು ಮಾತ್ರೆ, ಎದೆಯುರಿಗೆ ಇನ್ನೊಂದು, ನಿದ್ದೆಗೆ ಮತ್ತೊಂದು. ಬಹಳ ಕಾಲ ಹೀಗೇ ನಡೆದಿತ್ತು. ಒಬ್ಬೊಬ್ಬ ವೈದ್ಯರೂ ತಮಗೆ ಸಂಬಂಧಪಟ್ಟಷ್ಟನ್ನು ನೋಡಿ ಕಳಿಸುತ್ತಿದ್ದರು. ಕೊನೆಗೆ ಒಬ್ಬರು ಎಲ್ಲ ಚೀಟಿಗಳನ್ನೂ ಒಟ್ಟಿಗೆ ಓದಿ, "ಮನೇಲಿ, ಕೆಲಸದಲ್ಲಿ ಎಲ್ಲ ಹೇಗಿದೆ?" ಅಂತ ಕೇಳಿದರು. ದೇಹ, ಮನಸ್ಸು, ಸುತ್ತಲಿನ ಬದುಕು ಮೂರನ್ನೂ ಸೇರಿಸಿ ನೋಡಬೇಕು ಎಂದು ಜಾರ್ಜ್ ಎಂಗೆಲ್ ಎಂಬ ವೈದ್ಯ 1977ರಲ್ಲೇ ಬರೆದಿದ್ದಾರೆ. ನನ್ನ ಪಾಲಿಗೆ ಅದು ಈ ಒಂದು ಪ್ರಶ್ನೆಯಾಗಿ ಬಂತು.

ಆ ಪ್ರಶ್ನೆ ಕೇಳಿದ ವೈದ್ಯರು ಮೊದಲು ಮಾಡಿಸಿದ್ದು ರಕ್ತ ಪರೀಕ್ಷೆ. ಥೈರಾಯ್ಡ್ ಜಾಸ್ತಿಯಾದರೂ ಎದೆ ಡವಡವ ಅನ್ನುತ್ತದೆ, ನಿದ್ದೆ ಕೆಡುತ್ತದೆ. ರಕ್ತ ಕಮ್ಮಿಯಿದ್ದರೂ ಸುಸ್ತು ಬಿಡುವುದಿಲ್ಲ. ಇವನ್ನು ನೋಡದೆ ಎಲ್ಲವನ್ನೂ ಒತ್ತಡದ ತಲೆಗೆ ಕಟ್ಟಬಾರದು.

ವರದಿ ಸರಿಯಿತ್ತು, ಅಂದರೆ ಉಳಿದಿದ್ದು ಒತ್ತಡ. ಎಲ್ಲವನ್ನೂ ಒಂದೇ ಸಲ ಬದಲಿಸಲು ಹೋಗದೆ ನಿದ್ದೆಯನ್ನು ಮೊದಲು ಹಿಡಿದೆ. ನಿದ್ದೆಗೆಟ್ಟವನಿಗೆ ವ್ಯಾಯಾಮ ಮಾಡು, ಶಾಂತವಾಗಿರು ಅಂದರೆ ಎಲ್ಲಿಂದ ಆಗಬೇಕು? ಕಾರ್ಟಿಸಾಲ್ ಎಂಬ ಹಾರ್ಮೋನು ಬೆಳಿಗ್ಗೆ ಏರಿ ನಮ್ಮನ್ನು ಚುರುಕಾಗಿಸುತ್ತದೆ, ರಾತ್ರಿ ಹೊತ್ತಿಗೆ ಇಳಿಯುತ್ತದೆ. ಹೊತ್ತಿಲ್ಲದ ಹೊತ್ತಿನಲ್ಲಿ ಮಲಗೆದ್ದರೆ ಈ ಏರಿಳಿತದ ತಾಳ ತಪ್ಪುತ್ತದೆ. ಹಾಗಾಗಿ ಏಳುವ ಸಮಯವನ್ನು ಗಟ್ಟಿ ಮಾಡಿಕೊಂಡೆ, ರಜೆಯ ದಿನವೂ ಅದೇ. ಮಲಗುವ ಸಮಯ ತಾನಾಗಿಯೇ ಸರಿಹೋಯಿತು. ಮಧ್ಯಾಹ್ನದ ನಂತರ ಕಾಫಿ ಬಿಟ್ಟೆ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು 5 ಗಂಟೆಯಾದರೂ ಮೈಯಲ್ಲೇ ಇರುತ್ತದೆ, ಗೊತ್ತಾ! ನಿದ್ದೆ ಬರದಿದ್ದಾಗ ಹೊರಳಾಡದೆ ಎದ್ದು ಬೇರೆ ಕಡೆ ಕೂರುತ್ತಿದ್ದೆ. ಮಂದ ಬೆಳಕಲ್ಲಿ ಏನಾದರೂ ಓದಿ, ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ. ಶುರುವಿನಲ್ಲಿ ಇದು ಹಿಂಸೆಯೇ. ಹಾಸಿಗೆ ಅಂದರೆ ಚಿಂತೆ ಮಾಡುವ ಜಾಗ ಎಂಬ ರೂಢಿ ನಿಧಾನವಾಗಿ ಬಿಟ್ಟಿತು.

ಆಮೇಲೆ ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಚಿಕ್ಕ ಚಿಕ್ಕ ನಡಿಗೆಗಳಾಗಿ ಹಂಚಿಕೊಂಡೆ.

ಉಸಿರಾಟವನ್ನೂ ಕಲಿತೆ. ಒಳಗೆ ಎಳೆಯುವುದಕ್ಕಿಂತ ನಿಧಾನವಾಗಿ ಹೊರಗೆ ಬಿಡಬೇಕು, ಅಷ್ಟೇ. ಉಸಿರು ಬಿಡುವಾಗ ಎದೆಬಡಿತ ತುಸು ಇಳಿಯುತ್ತದೆ. ಆದರೆ ಕೋಪ ನೆತ್ತಿಗೇರಿದ ಮೇಲೆ ಶುರು ಮಾಡಿದರೆ ನನಗಂತೂ ಆಗಲ್ಲ. ಆರಾಮಾಗಿರುವಾಗ ರೂಢಿ ಮಾಡಿಕೊಂಡಿದ್ದರೆ ಮಾತ್ರ ಆ ಹೊತ್ತಿಗೆ ಒದಗುತ್ತದೆ.

ನಿಜವಾಗಿ ಕಷ್ಟವಾಗಿದ್ದು ಇವು ಯಾವುವೂ ಅಲ್ಲ, ತಲೆ ಮೇಲಿನ ಹೊರೆ ಇಳಿಸುವುದು. ಹೊರೆ ಹಾಗೇ ಇದ್ದು ಸುಮ್ನೆ ಉಸಿರು ಎಣಿಸಿದರೆ ಏನು ಬಂತು? ಆಪ್ತ ಸಮಾಲೋಚಕರು ಒಂದು ಹಾಳೆ ಕೊಟ್ಟು, ದಿನವೂ ಯಾವುದು ಭಾರ ಅನ್ನಿಸುತ್ತದೆ ಎಂದು ಬರೆಸಿದರು. ಆಮೇಲೆ ಒಂದೊಂದರ ಮುಂದೆಯೂ ಅದೇ ಪ್ರಶ್ನೆ: "ಇದನ್ನು ನೀವೇ ಮಾಡಬೇಕಾ?" ಅಮ್ಮನ ಆರೈಕೆ ಪೂರ್ತಿ ನನ್ನ ಮೇಲಿತ್ತು. ತಮ್ಮನ ಹತ್ತಿರ ಆ ಮಾತೆತ್ತಲು ನಾಲಿಗೆ ಏಳುತ್ತಿರಲಿಲ್ಲ. ಎತ್ತಿದಾಗ ಅವನು, "ನೀನು ಯಾರನ್ನೂ ಬಿಟ್ಟುಕೊಳ್ಳಲ್ಲ ಅಂತ ಸುಮ್ನಿದ್ದೆ ಕಣೋ ಅಣ್ಣ" ಅಂದ. ಆಸ್ಪತ್ರೆ ಓಡಾಟ ಈಗ ಅವನದು. ಕೆಲಸದ ಕಡೆ ಇಷ್ಟು ಸಲೀಸಾಗಲಿಲ್ಲ. ರಾತ್ರಿ ಬರುವ ಮೆಸೇಜುಗಳಿಗೆ ಬೆಳಿಗ್ಗೆ ಉತ್ತರಿಸುತ್ತೇನೆ ಎಂದು ಹೇಳಿದ್ದೇನೆ. ಗೊಣಗಾಟ ಇದ್ದೇ ಇದೆ, ಇರಲಿ.

ಹೀಗೆ ಎಲ್ಲವನ್ನೂ ಸೇರಿಸಿ ನೋಡುವ 'ಸಮಗ್ರ' ಚಿಕಿತ್ಸೆ ಎಂಬ ಹೆಸರಿನಲ್ಲಿ ಕಾರ್ಟಿಸಾಲ್ ಇಳಿಸುವ ಪುಡಿ ಮಾರುವವರೂ ಇದ್ದಾರೆ. ಅವರ ಕಡೆ ನಾನು ತಲೆ ಹಾಕಲಿಲ್ಲ. ಹಾಗಂತ ಔಷಧಿಯನ್ನು ದೂರವಿಟ್ಟೆ ಅಂತಲ್ಲ. ನಿದ್ದೆ ಮಾತ್ರೆಯನ್ನು ವೈದ್ಯರೇ ಹಂತಹಂತವಾಗಿ ಕಡಿಮೆ ಮಾಡಿದರು. ಇಂಥ ಮಾತ್ರೆ ನೀವೂ ತಗೊಳ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಮೊದಲು ಅವರನ್ನು ಕೇಳಿ.